ನೇಮಕಪತ್ರದಲ್ಲಿ ರಜೆಯನ್ನು ಬರೆಯಿಸಿಕೊಳ್ಳಿರಿ

ಜಹೀರಾಬಾದ, ನಾರಾಯಣಖೇಡ ಮತ್ತು ತಾಂಡೂರು ಪ್ರಾಂತಗಳಲ್ಲಿ ಸೇವಾಸಂಸ್ಥೆಗಳ ಕೆಲಸಕ್ಕೆ ಸೇರಲಿರುವ ಕನ್ನಡ ತರುಣ ತರುಣಿಯರಲ್ಲಿಯೂ, ಅವರನ್ನು ನೇಮಿಸಿಕೊಳ್ಳುವ ಆಡಳಿತ ಮಂಡಳಿಗಳ ಹಿರಿಯರಲ್ಲಿಯೂ ವಿಜ್ಞಾಪನೆ.

ನಮ್ಮ ಈ ನೆಲ ಸಮಾಜಸೇವೆಗೆ ಹೊಸದಲ್ಲ. 1983ರಲ್ಲಿ ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿ, ಮೈಸೂರಿನಿಂದ ಬಂದ ಪಿ. ವಿ. ಸತೀಶರೇ ಮೊದಲಾದವರ ಶ್ರಮದಿಂದ ಬಡ ದಲಿತ ಸ್ತ್ರೀಯರ ಸಂಘಗಳು ಬೆಳೆದು, ಪಾಳುಬಿದ್ದ ಹೊಲಗಳಲ್ಲಿ ಜೋಳ ನವಣೆಗಳು ಮರಳಿ ತಲೆಯೆತ್ತಿ, 2008ರಲ್ಲಿ ಮಾಚನೂರಿನಿಂದ ಆ ಸ್ತ್ರೀಯರದೇ ಧ್ವನಿ ರೇಡಿಯೋದಲ್ಲಿ ಕೇಳಿಬಂದು, 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಸಂದಿತೆಂಬುದನ್ನು ನೆನೆದರೆ, ಇಂತಹ ಕಾರ್ಯದಲ್ಲಿ ಕೈಜೋಡಿಸಬೇಕೆಂಬ ಉತ್ಸಾಹ ಯಾರಿಗಾದರೂ ಹುಟ್ಟುವುದು ಸಹಜ. ಕನ್ನಡ, ತೆಲುಗು, ದಖನಿ ಈ ಮೂರನ್ನೂ ಆಡಬಲ್ಲ ನಮ್ಮ ಮಕ್ಕಳು ಹಳ್ಳಿ ಹಳ್ಳಿ ತಿರುಗುವ ಈ ಕೆಲಸಕ್ಕೆ ಬಹು ಯೋಗ್ಯರು. ಆದರೆ ಐದಾರು ಜನರಿಂದ ನಡೆಯುವ ಸಣ್ಣ ಸಂಸ್ಥೆಯನ್ನು ಸೇರುವಾಗ ಅವರು ಸಂಬಳವನ್ನಷ್ಟೇ ಕೇಳಿ, ವೇತನಸಹಿತ ರಜೆಯ ಮಾತು ಬಾಯಿಗೆ ಬಂದರೂ ಅದನ್ನು ನುಂಗಿಕೊಂಡು ಬರುತ್ತಾರೆ. ಇದು ಸರಿಯಲ್ಲವೆಂದು ಹೇಳುವುದಕ್ಕಾಗಿಯೇ ಈ ಕರಪತ್ರ.

ನುಂಗಿಕೊಳ್ಳುವುದಕ್ಕೆ ಕಾರಣ ಸಂಕೋಚ. ಬಡವರ ಸೇವೆಗೆಂದು ಬಂದವನು ಮೊದಲ ದಿನವೇ ವಿಶ್ರಾಂತಿಯ ಲೆಕ್ಕ ಕೇಳಿದರೆ ನಿಷ್ಠೆಯಿಲ್ಲದವನೆಂದಾರೆಂಬ ಭಯ. ಕಾಯಕದ ಹೆಸರು ಹೇಳಿ ಈ ಸಂಕೋಚವನ್ನು ಬೆಳೆಸುವವರೂ ಇಲ್ಲದಿಲ್ಲ. ಆದರೆ ಕಾಯಕಕ್ಕೆ ಅತ್ಯುಚ್ಚ ಸ್ಥಾನ ಕೊಟ್ಟ ಶರಣರು ನಮ್ಮ ನೆರೆಯ ಕಲ್ಯಾಣದಲ್ಲಿಯೇ ಬಾಳಿದರು. ಆಯ್ದಕ್ಕಿಯ ಮಾರಯ್ಯ ಒಂದು ದಿನ ಅವಶ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಪತ್ನಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಕಳುಹಿದಳೆಂಬ ಕಥೆಯನ್ನು ಬಲ್ಲವರು, ಕಾಯಕಕ್ಕೂ ಒಂದು ಮಿತಿಯುಂಟೆಂಬುದನ್ನು ಅವರೇ ಸಾರಿದರೆಂದು ಒಪ್ಪಲೇಬೇಕು.

ಕಾನೂನು ನಮ್ಮನ್ನು ಕಾಯುವುದೆಂದು ನೆಚ್ಚಿ ಸುಮ್ಮನಿರುವುದಕ್ಕೂ ಆಸ್ಪದವಿಲ್ಲ. ತೆಲಂಗಾಣದಲ್ಲಿ ಜಾರಿಯಲ್ಲಿರುವ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ವರ್ಷದಲ್ಲಿ 240 ದಿನ ದುಡಿದವನಿಗೆ ಮುಂದಿನ ವರ್ಷ 15 ದಿನಗಳ ಗಳಿಕೆ ರಜೆಯನ್ನೂ, ಅದನ್ನು 60 ದಿನಗಳವರೆಗೆ ಕೂಡಿಡುವ ಹಕ್ಕನ್ನೂ, ಇದಲ್ಲದೆ 12 ದಿನ ಸಾಂದರ್ಭಿಕ ರಜೆಯನ್ನೂ 12 ದಿನ ಅನಾರೋಗ್ಯ ರಜೆಯನ್ನೂ ವಿಧಿಸಿದೆ. ವ್ಯಾಪಾರ ವೃತ್ತಿಗಳನ್ನು ಲಕ್ಷ್ಯದಲ್ಲಿಟ್ಟು ಮಾಡಿದ ಈ ಕಾಯಿದೆ ಧರ್ಮಾರ್ಥ ಸಂಘಕ್ಕೆ ಅನ್ವಯಿಸುವುದೇ ಎಂಬುದರಲ್ಲಿ ವಾದಕ್ಕೆ ಅವಕಾಶವಿದೆ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು, ಲಾಭದ ಉದ್ದೇಶವಿಲ್ಲವೆಂಬ ಮಾತ್ರಕ್ಕೆ ಯಾವ ಸಂಸ್ಥೆಯೂ ಉದ್ಯಮವೆಂಬ ವ್ಯಾಖ್ಯೆಯಿಂದ ಹೊರಗುಳಿಯದೆಂದು ಹೇಳಿದ್ದಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಾದರೋ, ಮುಖ್ಯವಾಗಿ ಧರ್ಮಾರ್ಥ ಹಾಗೂ ಸಮಾಜಸೇವಾ ಕಾರ್ಯದಲ್ಲಿ ತೊಡಗಿದ ಸಂಸ್ಥೆಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 26 ವಾರಗಳ ಹೆರಿಗೆ ರಜೆಯ ವಿಧಿಯೂ ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿಗೆ ಮಾತ್ರ. ಆರು ಜನರ ಕಚೇರಿಯಲ್ಲಿ ದುಡಿಯುವ ತಾಯಿಗೆ, ಸೇರುವಾಗ ತಾನು ಬರೆಯಿಸಿಕೊಂಡ ಮಾತಲ್ಲದೆ ಬೇರೆ ಆಧಾರವಿಲ್ಲ. ನೇಮಕಪತ್ರದಲ್ಲಿರುವುದೇ ನಮ್ಮ ಪಾಲಿನ ಕಾನೂನು.

ಸಂಸ್ಥೆಯವರ ಕಷ್ಟವನ್ನೂ ನಾವು ಬಲ್ಲೆವು. ಅವರ ಹಣ ಅವರದಲ್ಲ. ಯಾವ ಬಾಬಿಗೆ ಎಷ್ಟೆಂದು ದಾನಿಗಳು ಮೊದಲೇ ಗೆರೆ ಎಳೆದಿರುತ್ತಾರೆ. ವಿದೇಶೀ ದೇಣಿಗೆಯ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ ಆ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯು ನೂರಕ್ಕೆ 50ರಿಂದ 20ಕ್ಕೆ ಇಳಿದ ಮೇಲಂತೂ, ಸಂಬಳವನ್ನು ಸಾವಿರ ರೂಪಾಯಿ ಏರಿಸೆಂದರೆ ಕಾರ್ಯದರ್ಶಿಗಳು ಕೈಚೆಲ್ಲುವುದು ಅನೇಕ ವೇಳೆ ನಿಜವಾದ ಅಸಹಾಯಕತೆಯಿಂದಲೇ. ಆದುದರಿಂದಲೇ ಮಾತುಕತೆಗೆ ಉಚಿತವಾದ ವಿಷಯ ರಜೆ. ಹತ್ತು ದಿನ ಹೆಚ್ಚಿನ ರಜೆ ಕೊಡುವುದಕ್ಕೆ ದಾನಿಯ ಅಪ್ಪಣೆ ಸಾಮಾನ್ಯವಾಗಿ ಬೇಕಿಲ್ಲ, ಹೊಸ ಬಾಬೂ ಬೇಕಿಲ್ಲ. ಕೆಲಸವನ್ನು ಹಂಚಿಕೊಳ್ಳುವ ಏರ್ಪಾಡು ಬೇಕು, ಅಷ್ಟೆ. ಸಂಬಳ ಏರದೆಂದು ತಿಳಿದೊಡನೆ ಎದ್ದು ಬರುವುದಕ್ಕೆ ಬದಲಾಗಿ, ಆ ಕ್ಷಣದಲ್ಲಿಯೇ ರಜೆಯ ಮಾತನ್ನು ಮುಂದಿಡುವುದು ವಿವೇಕ.

ನಮ್ಮ ಪ್ರಾಂತಕ್ಕೆ ವಿಶಿಷ್ಟವಾದ ಇನ್ನೊಂದು ಸಂಗತಿಯುಂಟು. 1956ರ ನವೆಂಬರ್ 1ರಂದು ನಾರಾಯಣಖೇಡವೂ ಜಹೀರಾಬಾದದ ಬಹುಭಾಗವೂ ಬೀದರ ಜಿಲ್ಲೆಯಿಂದ, ತಾಂಡೂರು ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟುವು. ಬೀಗತನಗಳು ಮಾತ್ರ ಬೇರ್ಪಡಲಿಲ್ಲ. ಅಕ್ಕನ ಮನೆ ಹುಮನಾಬಾದಿನಲ್ಲಿ, ಸೋದರಮಾವನ ಹೊಲ ಚಿಂಚೋಳಿಯಲ್ಲಿ. ಎಳ್ಳಮಾವಾಸ್ಯೆಯಂದು ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳನ್ನು ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ, ಹೈದರಾಬಾದಿನ ರಜಾಪಟ್ಟಿಯನ್ನು ನೋಡಿ ನಡೆಯುವ ಕಚೇರಿಯಲ್ಲಿ ಅದು ಬರಿಯ ಕೆಲಸದ ದಿನ. ಬತುಕಮ್ಮ, ದಸರೆಗಳಿಗೆ ದೊರೆಯುವ ಅವಕಾಶ ಕಾರಹುಣ್ಣಿಮೆಗೂ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೂ ದೊರೆಯಬೇಕಾದರೆ, ಇಂತಿಷ್ಟು ದಿನಗಳನ್ನು ನೌಕರನೇ ಆರಿಸಿಕೊಳ್ಳಬಹುದೆಂಬ ಒಂದು ಸಾಲು ಸಾಕು.

ಹೇಗೆ ಕೇಳಬೇಕೆಂಬುದು ಕಠಿಣವಲ್ಲ. ಕೆಲಸ ನಿಶ್ಚಯವಾದ ಮೇಲೆ, ಸಹಿ ಹಾಕುವ ಮುನ್ನ, “ಸರ್, ಪಗಾರದ ಮಾತ ಆತು, ವರ್ಷಕ್ಕ ಸೂಟಿ ಎಷ್ಟ, ಯಾವ್ಯಾವ್ದು, ಅದಷ್ಟ ಕಾಗದದಾಗ ಬರದು ಕೊಡ್ರಿ” ಎಂದು ನಮ್ಮ ಭಾಷೆಯಲ್ಲಿಯೇ ವಿನಯದಿಂದ ಕೇಳಿದರೆ ಯಾವ ಸಜ್ಜನರೂ ಮುನಿಯರು. ಮೊದಲ ಆರು ತಿಂಗಳ ಪರೀಕ್ಷಾವಧಿಯಲ್ಲಿ ರಜೆಯುಂಟೋ ಇಲ್ಲವೋ, ಉಳಿದ ದಿನಗಳು ಮುಂದಿನ ವರ್ಷಕ್ಕೆ ಸಾಗುವುವೋ, ಯೋಜನೆ ನಡುವೆ ಮುಗಿದರೆ ಅವಕ್ಕೆ ಹಣ ಸಿಕ್ಕುವುದೋ ಎಂಬುದನ್ನು ಅವಶ್ಯವಾಗಿ ಕೇಳತಕ್ಕುದು. ಎಲ್ಲಕ್ಕಿಂತ ಹೆಚ್ಚಾಗಿ ಬದಲಿ ರಜೆಯ ವಿಷಯ: ಕೂಲಿಯಿಂದ ಮರಳಿದ ಸ್ತ್ರೀಯರು ಅಡಿಗೆ ಮುಗಿಸಿದ ಮೇಲೆಯೇ ಸಂಘದ ಸಭೆ ಸೇರುವುದರಿಂದ ನಮ್ಮ ಕಾರ್ಯಕರ್ತರ ದುಡಿಮೆ ಬಹುಪಾಲು ರಾತ್ರಿಯಲ್ಲಿ, ಭಾನುವಾರಗಳಲ್ಲಿ ನಡೆಯುತ್ತದೆ, ಆ ಹೊತ್ತುಗಳಿಗೆ ಪ್ರತಿಯಾಗಿ ಹಗಲಿನ ಬಿಡುವು ದೊರೆಯದಿದ್ದರೆ ಕಾಗದದ ಮೇಲಿನ 15 ದಿನಗಳು ಬರಿಯ ತೋರಿಕೆ. ಸಂಸ್ಥೆ ಒಂದು ಅಂಶವನ್ನು ಒಪ್ಪದಿದ್ದರೆ ಇನ್ನೊಂದನ್ನು ಕೇಳಿರಿ. ಗಳಿಕೆ ರಜೆ ಹೆಚ್ಚಿಸಲಾರೆವೆಂದರೆ, ಕೆಲಸ ಕಡಮೆಯಿರುವ ಬೇಸಗೆಯಲ್ಲಿ ಒಂದು ವಾರ ಕಚೇರಿ ಮುಚ್ಚುವಂತೆ ಸೂಚಿಸಿರಿ. ಬಾಯಿಮಾತಿನ ಭರವಸೆಗೆ ಮಾತ್ರ ತೃಪ್ತರಾಗದಿರಿ; ಭರವಸೆಯಿತ್ತ ಕಾರ್ಯದರ್ಶಿ ನಾಳೆ ಬದಲಾಗಬಹುದು.

ಆಡಳಿತ ಮಂಡಳಿಗಳ ಹಿರಿಯರಿಗೆ ಒಂದು ಮಾತು. ನಿಮ್ಮಲ್ಲಿ ಹಳ್ಳಿಯ ಹೆಸರು, ಮನೆಯ ಕಷ್ಟ, ಹೊಲದ ಮಣ್ಣು ಎಲ್ಲವನ್ನೂ ಬಲ್ಲ ಕಾರ್ಯಕರ್ತೆ ಮೂರು ವರ್ಷಗಳಲ್ಲಿ ದಣಿದು ಬಿಟ್ಟುಹೋದರೆ, ಅವಳು ಗಳಿಸಿದ ವಿಶ್ವಾಸವನ್ನು ಹೊಸಬರಿಗೆ ಯಾವ ತರಬೇತಿಯಿಂದಲೂ ತುಂಬಿಕೊಡಲಾರಿರಿ. ಕೃಷಿಕೂಲಿಗಾರರ ಹಕ್ಕಿಗಾಗಿ ತಹಶೀಲ್ದಾರರ ಮುಂದೆ ನಿಲ್ಲುವ ಸಂಸ್ಥೆ, ತನ್ನದೇ ನೌಕರರ ವಿಶ್ರಾಂತಿಯ ಹಕ್ಕನ್ನು ಅಲಿಖಿತವಾಗಿರಿಸುವುದು ಯುಕ್ತವಲ್ಲ. ಅವರು ಕೇಳುವವರೆಗೆ ಕಾಯದೆ, ಮುಂದಿನ ಸಭೆಯಲ್ಲಿಯೇ ರಜೆಯ ನಿಯಮವನ್ನು ಠರಾವು ಮಾಡಿ, ಅದರ ಪ್ರತಿಯನ್ನು ಪ್ರತಿಯೊಬ್ಬ ನೌಕರನ ನೇಮಕಪತ್ರಕ್ಕೂ ಲಗತ್ತಿಸಬೇಕೆಂದು ಪ್ರಾರ್ಥಿಸುತ್ತೇವೆ.