ತಲೆ ಎಣಿಸಿದರೆ ಮಲೆನಾಡಿನ ಲೆಕ್ಕ ಸಿಗದು

ಬಯಲುಸೀಮೆಯಲ್ಲಿ ಊರು ಅಂದರೆ ಊರು. ಸಾಲು ಮನೆ, ನಡುವೆ ಗುಡಿ, ಅರಳಿಕಟ್ಟೆ, ಎದುರಿಗೇ ಬಸ್ ಸ್ಟಾಪು. ಕಳಸ, ಕೊಪ್ಪ, ಶೃಂಗೇರಿ ಕಡೆ ಹಾಗಲ್ಲ. ಗುಡ್ಡದ ಬುಡಕ್ಕೊಂದು ಮನೆ. ಪಕ್ಕದ ಮನೆಗೆ ಹೋಗಬೇಕಾದರೆ ಗದ್ದೆ ದಾಟಿ, ಹಳ್ಳ ದಾಟಬೇಕು.

ಇದು ಜನರ ಹಟವಲ್ಲ, ನೆಲದ ಗುಣ. ಬೇಸಾಯಕ್ಕೆ ಸಿಗುವುದು ಎರಡು ಗುಡ್ಡದ ನಡುವಿನ ಸಣ್ಣ ಪಟ್ಟಿ. ಭತ್ತವೂ ಅಲ್ಲೇ, ಅಡಿಕೆಯೂ ಅಲ್ಲೇ, ಮನೆಯೂ ಅಲ್ಲೇ. ಮೇಲೇರಿದರೆ ಕಣಿವೆಯಲ್ಲಿ ಶೋಲಾ ಕಾಡು, ನೆತ್ತಿಯಲ್ಲಿ ಬರೀ ಹುಲ್ಲು.

2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನ. ಚಿಕ್ಕಮಗಳೂರು ಜಿಲ್ಲೆಯಲ್ಲಿ 158. ಕಡೂರಿನ ಬಯಲನ್ನೂ ಸೇರಿಸಿ ಬಂದ ಲೆಕ್ಕ ಇದು. 2001ರಲ್ಲಿ ಜಿಲ್ಲೆಯ ಜನ 11.40 ಲಕ್ಷ ಇದ್ದದ್ದು ಹತ್ತು ವರ್ಷದಲ್ಲಿ 11.37 ಲಕ್ಷಕ್ಕೆ ಇಳಿಯಿತು. 2005ರ ಕೊನೆಗೆ ಗಣಿ ನಿಂತ ಮೇಲೆ ಕುದುರೆಮುಖದ ಟೌನ್‌ಶಿಪ್ಪೂ ಬಿಕೋ ಅಂದಿತು.

ಇಂಥಾ ನೆಲಕ್ಕೆ ಸರ್ಕಾರ ಹಿಡಿಯುವ ಅಳತೆಗೋಲು ಯಾವುದು? ತಲೆ ಎಣಿಕೆ! 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಬೇಕಾದರೆ ಬಯಲಿನ ಊರಲ್ಲಿ 500 ಜನ ಇರಬೇಕು, ಗುಡ್ಡಗಾಡು ರಾಜ್ಯಗಳಲ್ಲಿ 250 ಸಾಕು. ಹಿಮಾಚಲಕ್ಕೆ ಆ ರಿಯಾಯಿತಿ ಉಂಟು. ಕರ್ನಾಟಕ ಗುಡ್ಡಗಾಡು ರಾಜ್ಯವಲ್ಲವಲ್ಲ! ಘಟ್ಟದ ನೆತ್ತಿಗೂ ಬಯಲಿನದೇ ತಕ್ಕಡಿ. ಒಂದೊಂದು ಕಣಿವೆಗೆ ನಾಲ್ಕಾರು ಮನೆ ಇರುವ ಕಡೆ 500 ಜನರನ್ನು ಎಲ್ಲಿಂದ ತರುವುದು? ಶಾಲೆಗೆ ಮಕ್ಕಳು ಕಮ್ಮಿ, ಬಸ್ಸಿಗೆ ಕಲೆಕ್ಷನ್ ಕಮ್ಮಿ, ಓಟೂ ಕಮ್ಮಿ. ಮಳೆಗಾಲದಲ್ಲಿ ಹಳ್ಳ ಏರಿತೋ, ಕಾಲುಸಂಕ ಇಲ್ಲದ ಕಡೆ ಮಕ್ಕಳಿಗೆ ತಾನಾಗಿಯೇ ರಜೆ.

ಜನ ಕಮ್ಮಿ ಸರಿ, ನೆಲದ ಕೆಲಸ ಕಮ್ಮಿಯೇ? ತುಂಗಾ, ಭದ್ರಾ, ನೇತ್ರಾವತಿ ಮೂರಕ್ಕೂ ಇದೇ ಸೀಮೆಯ ಗಂಗಾಮೂಲ ತವರು. ಹುಲ್ಲು, ಶೋಲಾ ಹಿಡಿದಿಟ್ಟ ಮಳೆನೀರು ಬೇಸಿಗೆಯಲ್ಲೂ ಜಿನುಗುತ್ತದೆ. ಲಕ್ಕವಳ್ಳಿಯಲ್ಲಿ ನಿಂತ ಭದ್ರೆ ದಾವಣಗೆರೆಯ ಗದ್ದೆಗೆ ಹರಿಯುತ್ತಾಳೆ. ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ ಹೊಸಪೇಟೆಗೆ ಹೋಗುತ್ತಾಳೆ. ಪಡುವಣಕ್ಕೆ ಇಳಿದ ನೇತ್ರಾವತಿ ಮಂಗಳೂರಿನ ನಲ್ಲಿಯಲ್ಲಿ ಬರುತ್ತಾಳೆ.

ಕೆಳಗಿನ ಪೇಟೆಯಲ್ಲಿ ಅಕ್ಕಿ ಮೂಟೆ ಇಳಿಸುವ ಅಂಗಡಿಯವರ ವ್ಯಾಪಾರಕ್ಕೂ ಆ ನೀರೇ ಬಂಡವಾಳ. ಹಾಗಿರುವಾಗ ರಸ್ತೆ, ಸಂಕ, ಶಾಲೆ, ಬಸ್ಸಿಗೆ ತಲೆ ಎಣಿಸಿದರೆ ಸಾಲದು. ನಡೆಯುವ ದೂರ, ದಾಟುವ ಹಳ್ಳ, ಸುರಿಯುವ ಮಳೆ, ಇವನ್ನೂ ಎಣಿಸಬೇಕು. ಅದಕ್ಕೆ ಬೇಕಾದದ್ದು ಹೊಸ ಯೋಜನೆಯಲ್ಲ, ಬೇರೆ ಅಳತೆಗೋಲು. ಅದು ಬರುವುದು ತಡವಾದಷ್ಟೂ ಒಂಟಿಮನೆಗಳಿಗೆ ಬೀಗ ಬೀಳುತ್ತಲೇ ಹೋಗುತ್ತದೆ.