ಟಿಡಿಎಸ್ ಮೀಟರ್‌ಗೆ ಸೀಸ ಕಾಣಲ್ಲ

ನಮ್ಮ ಹಾಸ್ಟೆಲ್‌ನಲ್ಲಿ ನೀರಿನ ಬಗ್ಗೆ ಯಾರಾದ್ರೂ ಗಲಾಟೆ ಶುರು ಮಾಡಿದ್ರೆ ತಕ್ಷಣ ಹೊರಗೆ ಬರೋದು ಟಿಡಿಎಸ್ ಮೀಟರ್. ಪೆನ್ನಿನಂಥ ಆ ವಸ್ತುವನ್ನ ಲೋಟದಲ್ಲಿ ಅದ್ದಿ, "ನೋಡ್ರೋ, 90 ಅಷ್ಟೇ, ಪ್ಯೂರ್ ಇದೆ" ಅಂತ ತೋರಿಸಿದ್ರೆ ಮುಗೀತು. ಮೊದಲ ವರ್ಷ ಪೂರ್ತಿ ನಾನೂ ಅದನ್ನ ನಂಬಿದ್ದೆ. ಈಗ ನಂಬಲ್ಲ.

ಕಳೆದ ಸೆಮಿಸ್ಟರ್ ಲ್ಯಾಬ್‌ನಲ್ಲಿ ಸೋಲ್ಡರಿಂಗ್ ಮುಗಿಸಿ, ಕೈ ತೊಳೆಯದೆ ಸೀದಾ ಕ್ಯಾಂಟೀನ್‌ಗೆ ಹೋಗಿ ಸಮೋಸ ತಿಂದೆ. ಆಮೇಲೆ ನೆನಪಾಯ್ತು, ಸೋಲ್ಡರ್ ಸುರುಳಿ ಮೇಲೆ 60/40 ಅಂತ ಬರೆದಿತ್ತು. 60 ಭಾಗ ತವರ, 40 ಭಾಗ ಸೀಸ. ಇಂಗ್ಲಿಷ್ ಮೀಡಿಯಂನ ನನಗೆ 'ಲೆಡ್' ಗೊತ್ತಿತ್ತೇ ಹೊರತು 'ಸೀಸ' ಅಂದ್ರೆ ಅಜ್ಜಿ ಪೆನ್ಸಿಲ್‌ಗೆ ಹೇಳ್ತಿದ್ದ 'ಸೀಸದ ಕಡ್ಡಿ' ಅಷ್ಟೇ. (ಅದರೊಳಗೆ ಇರೋದು ಗ್ರಾಫೈಟ್. ಅಜ್ಜಿ ಕ್ಷಮಿಸಲಿ.) ಅವತ್ತು ಭಯಕ್ಕೆ ಓದೋಕೆ ಶುರು ಮಾಡಿದ್ದು ಇನ್ನೂ ನಿಂತಿಲ್ಲ.

ನಮ್ಮ ದೇಹ ಸೀಸವನ್ನ ಕ್ಯಾಲ್ಸಿಯಂ ಅಂತ ತಪ್ಪು ತಿಳಿಯುತ್ತೆ. ಎರಡರ ಅಯಾನಿಗೂ ಚಾರ್ಜ್ +2. ಹಾಗಾಗಿ ಕ್ಯಾಲ್ಸಿಯಂಗೆ ತೆರೆಯೋ ಬಾಗಿಲುಗಳಲ್ಲಿ ಸೀಸವೂ ನುಗ್ಗುತ್ತೆ, ರಕ್ತದಿಂದ ಮೆದುಳಿಗೂ ದಾಟುತ್ತೆ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸೋಕೆ ಕ್ಯಾಲ್ಸಿಯಂ ಬೇಕು. ಆ ಜಾಗದಲ್ಲಿ ಸೀಸ ಬಂದು ಕೂತ್ರೆ ಸಂದೇಶ ಕೆಡುತ್ತೆ. ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಸೀಸ ಹೀರಿಕೊಳ್ಳಬಹುದು. ಅವರ ಬುದ್ಧಿಶಕ್ತಿ, ಏಕಾಗ್ರತೆ ಕುಗ್ಗುತ್ತೆ, ಆ ಹಾನಿ ಸರಿಹೋಗೋದು ಬಹಳ ಕಷ್ಟ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 2020ರ ಯುನಿಸೆಫ್ ವರದಿ ಪ್ರಕಾರ ಜಗತ್ತಿನ ಪ್ರತಿ 3 ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಚಿಂತೆಪಡುವಷ್ಟು ಸೀಸ ಇದೆ. ಭಾರತದಲ್ಲೇ ಅಂಥ ಮಕ್ಕಳು 27 ಕೋಟಿಗೂ ಹೆಚ್ಚು ಅನ್ನೋದು ಅಂದಾಜು.

ಸಮಸ್ಯೆ ಏನಂದ್ರೆ, ಇದರ ಬಗ್ಗೆ ಯಾರೂ ಕಂಪ್ಲೇಂಟ್ ಕೊಡಲ್ಲ. ಸಾಂಬಾರಲ್ಲಿ ಜಿರಲೆ ಸಿಕ್ರೆ ಮೆಸ್ ಮುಂದೆ ಧರಣಿ ಮಾಡ್ತೀವಿ. ಸೀಸಕ್ಕೆ ರುಚಿಯಲ್ಲಿ ಗೊತ್ತಾಗೋ ಗುಣ ಇಲ್ಲ, ಆ ಹೊತ್ತಿಗೆ ಹೊಟ್ಟೆನೋವೂ ಬರಲ್ಲ. ಹತ್ತು ವರ್ಷದ ನಂತರ ಮಗು ಕ್ಲಾಸಲ್ಲಿ ಹಿಂದೆ ಬಿದ್ರೆ "ಸೋಮಾರಿ, ಓದಲ್ಲ" ಅಂತ ಬೈತೀವಿ.

ಈಗ ಆ ಮೀಟರ್‌ಗೆ ಬರೋಣ. ಅದು ಅಳೆಯೋದು ನೀರಿನ ವಿದ್ಯುತ್ ವಾಹಕತೆ. ಅದರಿಂದ ಒಟ್ಟು ಲವಣಾಂಶ ಎಷ್ಟಿದೆ ಅಂತ ಅಂದಾಜು ಮಾಡುತ್ತೆ. 90 ಅಂದ್ರೆ ಲೀಟರ್‌ಗೆ ಸುಮಾರು 90 ಮಿಲಿಗ್ರಾಂ. ಕುಡಿಯೋ ನೀರಲ್ಲಿ ಸೀಸಕ್ಕೆ ನಮ್ಮ ದೇಶದ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ. ಸೀಸ ಮಿತಿಗಿಂತ 10 ಪಟ್ಟು ಹೆಚ್ಚಿದ್ರೂ 0.1 ಅಷ್ಟೇ, ಮೀಟರ್ 90 ಅಂತಲೇ ತೋರಿಸುತ್ತೆ. ಒಳ್ಳೆ ಆರ್‌ಒ ಫಿಲ್ಟರ್ ಸೀಸವನ್ನ ಬಹುಪಾಲು ತಡೆಯುತ್ತೆ ನಿಜ, ಆದ್ರೆ ತಡೆದಿದೆಯಾ ಇಲ್ವಾ ಅಂತ ಹೇಳೋ ಶಕ್ತಿ ಈ ಮೀಟರ್‌ಗಿಲ್ಲ. ಇನ್ನು ಊಟಕ್ಕಂತೂ ಫಿಲ್ಟರ್ರೇ ಇಲ್ಲ.

ಊಟದ ವಿಷಯದಲ್ಲಿ ನಮ್ಮ ಕಣ್ಣೇ ಟಿಡಿಎಸ್ ಮೀಟರ್. ಬಾಂಗ್ಲಾದೇಶದಲ್ಲಿ ಆಗಿದ್ದು ಅದೇ. 1980ರ ದಶಕದ ಪ್ರವಾಹದಲ್ಲಿ ನೆನೆದು ಬಣ್ಣಗೆಟ್ಟ ಅರಿಶಿನ ಕೊಂಬಿಗೆ ಹೊಳಪು ಕೊಡೋಕೆ ಲೆಡ್ ಕ್ರೋಮೇಟ್ ಅನ್ನೋ ಹಳದಿ ಬಣ್ಣ ಬಳಿಯೋದು ಶುರುವಾಯ್ತು. ಗಾಢ ಹಳದಿ ಇದ್ರೆ ಒಳ್ಳೇದು ಅಂತ ಜನ ಕೊಂಡರು, ಪದ್ಧತಿ ಹಾಗೇ ಉಳೀತು. 2019ರಲ್ಲಿ ಸಂಶೋಧಕರು ಇದನ್ನ ಬಯಲು ಮಾಡಿದ ಮೇಲೆ ಅಲ್ಲಿನ ಸರ್ಕಾರ ಮಾರುಕಟ್ಟೆಗೆ ಕೈಯಲ್ಲಿ ಹಿಡಿಯೋ ಎಕ್ಸ್-ರೇ ಯಂತ್ರ ತಂದು ಕೊಂಬುಗಳನ್ನ ಪರೀಕ್ಷಿಸಿತು, ತಪ್ಪು ಮಾಡಿದವರಿಗೆ ದಂಡ ಹಾಕಿತು. ಮಾರುಕಟ್ಟೆಯ ಸ್ಯಾಂಪಲ್‌ಗಳಲ್ಲಿ ಸೀಸ ಇದ್ದವು 2019ರಲ್ಲಿ ಶೇ. 47. 2021ರಲ್ಲಿ ಸೊನ್ನೆ.

ಎರಡೇ ವರ್ಷ! ಹೊಸ ಆವಿಷ್ಕಾರ ಏನೂ ಬೇಕಾಗಲಿಲ್ಲ. ಅಳೆದರು, ಎಲ್ಲರಿಗೂ ತಿಳಿಸಿದರು, ದಂಡ ಹಾಕಿದರು.

ನಮ್ಮಲ್ಲೂ ಕಾನೂನು ಇದೆ. ಅರಿಶಿನದಲ್ಲಿ ಲೆಡ್ ಕ್ರೋಮೇಟ್ ಇರಲೇಬಾರದು. ಪೆಟ್ರೋಲ್‌ನಿಂದ ಸೀಸವನ್ನ 2000ದಲ್ಲೇ ತೆಗೆದ ದೇಶ ನಮ್ಮದು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಸೀಸದ ವಿರುದ್ಧ ಕೆಲಸ ಮಾಡಿ 'ಲೆಡ್ ಮ್ಯಾನ್' ಅಂತಲೇ ಹೆಸರಾದವರು. ಇಷ್ಟೆಲ್ಲ ಇದ್ರೂ, ನಾನು ದಿನಾ ತಿನ್ನೋ ಸಾರಿನ ಪುಡಿಯನ್ನ ಕೊನೇ ಸಲ ಯಾರು ಯಾವಾಗ ಅಳೆದರು ಅಂತ ಕೇಳಿದ್ರೆ ಉತ್ತರ ಸಿಗಲ್ಲ.

ಅದಕ್ಕೇ ನನ್ನ ಬೇಡಿಕೆ ಚಿಕ್ಕದು. ಪ್ರತಿ ಹಾಸ್ಟೆಲ್, ಪ್ರತಿ ಅಂಗನವಾಡಿ ವರ್ಷಕ್ಕೊಮ್ಮೆ ನೀರನ್ನೂ ಮಸಾಲೆಯನ್ನೂ ಲ್ಯಾಬ್‌ಗೆ ಕಳಿಸಿ, ಸೀಸದ ರಿಪೋರ್ಟನ್ನ ಗೋಡೆಗೆ ಅಂಟಿಸಲಿ. ಮೆಸ್ ಮೆನು ಅಂಟಿಸ್ತಾರಲ್ವಾ, ಅದರ ಪಕ್ಕದಲ್ಲೇ. ನಾವು ಎಂಜಿನಿಯರಿಂಗ್ ಓದೋರು, ಸೆನ್ಸರ್ ಅಂತ ಪ್ರಾಜೆಕ್ಟ್ ಮೇಲೆ ಪ್ರಾಜೆಕ್ಟ್ ಮಾಡ್ತೀವಿ. ಯಾವ ಮೀಟರ್ ಏನನ್ನ ಅಳೆಯಲ್ಲ ಅಂತ ಹೇಳೋ ಜವಾಬ್ದಾರಿಯೂ ನಮ್ಮದೇ.

ನಮ್ಮನೇಲಿ ಅಕ್ಕನ ಮಗಳಿಗೆ ಎರಡು ವರ್ಷ. ನೆಗಡಿ ಬಂದಾಗಲೆಲ್ಲ ಅಮ್ಮ ಅರಿಶಿನದ ಹಾಲು ಕೊಡ್ತಾರೆ. ನಿಲ್ಲಿಸಿ ಅಂತ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಆ ಹಾಲನ್ನ ಅನುಮಾನ ಇಲ್ಲದೆ ಕೊಡೋ ಹಕ್ಕು ಅಮ್ಮನಿಗೆ ಬೇಕು, ಅಷ್ಟೇ.

ಅಲ್ಲಿವರೆಗೆ, ಸೋಲ್ಡರಿಂಗ್ ಆದ ಮೇಲೆ ದಯವಿಟ್ಟು ಸೋಪು ಹಾಕಿ ಕೈ ತೊಳೀರಿ. ಸಮೋಸ ಎಲ್ಲೂ ಓಡಿಹೋಗಲ್ಲ.