‘ಇನ್ನೇನೂ ಮಾಡೋಕಾಗಲ್ಲ’ ಅನ್ನೋದು ನಿಜ ಅಲ್ಲ

‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ.’ ಆಲ್ದೂರು ಕಡೆ ಕ್ಯಾನ್ಸರ್ ಕಂಡ ಮನೆಗಳ ಮಾತುಕತೆಯಲ್ಲಿ ನಾನು ಪದೇ ಪದೇ ಕೇಳಿರುವ ವಾಕ್ಯ ಇದು. ಹಾಸನ, ಮಂಗಳೂರು, ಬೆಂಗಳೂರು ಅಂತ ಅಲೆದು, ಇದ್ದಬದ್ದ ದುಡ್ಡೆಲ್ಲ ಖರ್ಚಾದ ಮೇಲೆ ಜನ ಇದನ್ನು ಕೇಳಿಸಿಕೊಂಡು ವಾಪಸ್ ಬರ್ತಾರೆ. ಹಾಸ್ಪೈಸ್ ಬಗ್ಗೆ ನಮಗಿರುವ ತಪ್ಪು ತಿಳಿವಳಿಕೆಯ ಬೇರು ಇರೋದು ಇಲ್ಲೇ. ರೋಗ ವಾಸಿಯಾಗದಿದ್ದರೂ ಮಾಡೋಕೆ ಬಹಳಷ್ಟಿದೆ: ನೋವು, ವಾಂತಿ, ಉಸಿರಾಟದ ಕಷ್ಟ, ಹುಣ್ಣು, ಮನೆಯವರ ಭಯ. ಇವನ್ನು ನೋಡಿಕೊಳ್ಳುವುದೇ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ. ಬದುಕಿನ ಕೊನೆಯ ಹಂತದಲ್ಲಿ ಅದನ್ನು ಒದಗಿಸುವ ವ್ಯವಸ್ಥೆ ಹಾಸ್ಪೈಸ್.

‘ಅದು ಸಾಯೋಕೆ ಬಿಡೋ ಜಾಗ, ಮಕ್ಕಳು ಕೈಬಿಟ್ಟವರು ಹೋಗೋ ಜಾಗ’ ಅನ್ನೋದು ಮೊದಲ ತಪ್ಪು. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳನ್ನು ಗಮನಿಸಿತು. ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಮನ ಆರೈಕೆ ಪಡೆದವರು ಮಧ್ಯಮ ಲೆಕ್ಕದಲ್ಲಿ 11.6 ತಿಂಗಳು ಬದುಕಿದರು. ಬರೀ ಚಿಕಿತ್ಸೆ ಪಡೆದವರು 8.9 ತಿಂಗಳು. ಆರೈಕೆ ಅಂದರೆ ಆಸೆ ಬಿಡೋದು ಅಲ್ಲ.

ಎರಡನೇದು ಮಾರ್ಫಿನ್. ‘ಚಟ ಹತ್ತುತ್ತೆ, ಸಾವು ಬೇಗ ಬರುತ್ತೆ’ ಅಂತಾರೆ. ನೋವಿಗೆ ತಕ್ಕಂತೆ ಲೆಕ್ಕ ಹಾಕಿ, ವೈದ್ಯರ ನಿಗಾದಲ್ಲಿ ಕೊಡುವ ಮಾತ್ರೆ ಸಾವನ್ನು ಹತ್ತಿರ ತರೋದಿಲ್ಲ. ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ದುಬಾರಿಯೂ ಅಲ್ಲ. ಆದರೆ 1985ರ ಎನ್‌ಡಿಪಿಎಸ್ ಕಾಯ್ದೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಅದರ ಗೊಡವೆಗೇ ಹೋಗಲಿಲ್ಲ. 2014ರ ತಿದ್ದುಪಡಿ ಹಲವು ಪರವಾನಗಿಗಳ ಜಂಜಾಟ ತೆಗೆದು, ರಾಜ್ಯ ಔಷಧ ನಿಯಂತ್ರಕರ ಅನುಮತಿ ಸಾಕು ಎಂದಿತು. ಕಾನೂನು ಬದಲಾಯ್ತು, ಭಯ ಉಳೀತು.

ಮೂರನೇದು, ಹಾಸ್ಪೈಸ್ ಅಂದ್ರೆ ದಯಾಮರಣ ಅನ್ನೋ ಗೊಂದಲ. ಸುಪ್ರೀಂ ಕೋರ್ಟಿನ 2018 ಮತ್ತು 2023ರ ಆದೇಶಗಳನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದಾಗ ಈ ಗೊಂದಲ ಹೆಚ್ಚಾಯ್ತು. ಚೇತರಿಕೆಯ ಸಾಧ್ಯತೆಯೇ ಇಲ್ಲದ ರೋಗಿಗೆ ಕೊಡುತ್ತಿರುವ ಕೃತಕ ಜೀವರಕ್ಷಕ ಚಿಕಿತ್ಸೆಯನ್ನು ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಪಡೆದು ನಿಲ್ಲಿಸಬಹುದು ಅನ್ನೋದಷ್ಟೇ ಅದರ ತಿರುಳು. ಚುಚ್ಚುಮದ್ದು ಕೊಟ್ಟು ಸಾಯಿಸುವ ಮಾತು ಅಲ್ಲಿಲ್ಲ. ನನ್ನ ತಕರಾರು ಬೇರೆ. ‘ವೆಂಟಿಲೇಟರ್ ಬೇಡ’ ಅನ್ನುವ ಹಕ್ಕು ಸಿಕ್ಕಿತು, ಸರಿ. ಬೇಡ ಅಂದವರ ನೋವನ್ನು ನೋಡಿಕೊಳ್ಳೋರು ಯಾರು? ನೋವು ನಿವಾರಣೆ ಸಿಗದ ಕಡೆ ಆ ಹಕ್ಕು ಅರ್ಧ ಹಕ್ಕು.

ನಾಲ್ಕನೇ ತಪ್ಪು ಆಳುವವರದ್ದೂ ಹೌದು: ಹಾಸ್ಪೈಸ್ ಅಂದ್ರೆ ಒಂದು ಕಟ್ಟಡ ಅನ್ನೋದು. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೇ ನೋಡಿಕೊಳ್ಳುತ್ತೆ, ದೊಡ್ಡ ಕೆಲಸ. ಆದರೆ ಆಲ್ದೂರಿನ ತೋಟದ ಲೈನ್ ಮನೆಯಲ್ಲಿ ಮಲಗಿರುವವರಿಗೆ ಬೆಂಗಳೂರು ದೂರ. ಕೊಯ್ಲಿನ ದಿನಗಳಲ್ಲಿ ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತೆ. ಇಂಥವರಿಗೆ ಬೇಕಿರೋದು ಮನೆಗೇ ಬರುವ ನರ್ಸ್. ಕೇರಳ 2008ರಲ್ಲೇ ಇದಕ್ಕೆ ನೀತಿ ಮಾಡಿ, ಸ್ಥಳೀಯ ಪಂಚಾಯಿತಿಗಳ ಮೂಲಕ ನರ್ಸ್‌ಗಳನ್ನು ಮನೆಮನೆಗೆ ಕಳಿಸಿತು. ನಮ್ಮ ಹಾಗೇ ಕಾಫಿ ಬೆಳೆಯುವ ವಯನಾಡಿನಲ್ಲಿ ಊರಿನ ಸ್ವಯಂಸೇವಕರೇ ಈ ಕೆಲಸಕ್ಕೆ ಹೆಗಲು ಕೊಟ್ಟರು. ಬೆಟ್ಟ, ಮಳೆ, ದೂರ ಅಲ್ಲೂ ಇವೆ.

ನಮ್ಮಲ್ಲೂ ಬಿಪಿ, ಶುಗರ್ ತಪಾಸಣೆಗೆ ಮನೆ ಬಾಗಿಲಿಗೆ ಹೋಗುವ ‘ಗೃಹ ಆರೋಗ್ಯ’ ಯೋಜನೆ ಇದೆ. ಅದೇ ದಾರಿಯಲ್ಲಿ ಹಾಸಿಗೆ ಹಿಡಿದವರನ್ನೂ ತಲುಪಬಹುದು. ಕೇಳಬೇಕಾದ್ದು ಮೂರೇ: ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ, ಅದನ್ನು ಬರೆದುಕೊಡಲು ತರಬೇತಾದ ವೈದ್ಯರು, ಹೋಬಳಿಗೊಬ್ಬ ಆರೈಕೆ ನರ್ಸ್. ಮುಂದಿನ ಸಲ ಗ್ರಾಮಸಭೆಯಲ್ಲಿ ರಸ್ತೆ, ಕರೆಂಟು, ಆನೆ ಹಾವಳಿಯ ಜೊತೆ ಇದನ್ನೂ ಎತ್ತಿ. ನೋವಿಲ್ಲದ ಕೊನೆ ದುಡ್ಡಿದ್ದವರ ಸವಲತ್ತಾಗಿ ಉಳಿಯಬಾರದು.